ನಕ್ಷತ್ರ ನೋಡಿ ನೆಲ ಅಳೆದ ಲ್ಯಾಂಬ್ಟನ್

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ಊರುಗಳಲ್ಲಿ ಯಾವ ಊರಿನ ಹೊರಗಾದರೂ ಸರಿ, ಬೀದಿದೀಪದ ಬೆಳಕು ಬೀಳದ ಒಂದು ಹೊಲದ ಬದುವಿನ ಮೇಲೆ ರಾತ್ರಿ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಕೈಯನ್ನು ನೀಳವಾಗಿ ಮುಂದೆ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿಯ ಅಗಲ ಹೆಚ್ಚು ಕಡಿಮೆ 10 ಡಿಗ್ರಿ. ನೆಲ ಮುಗಿದು ಆಕಾಶ ಶುರುವಾಗುವ ಗೆರೆಯಿಂದ ಒಂದೂವರೆ ಮುಷ್ಟಿ ಮೇಲಕ್ಕೆ ಕಣ್ಣು ಹಾಯಿಸಿದರೆ ಅಲ್ಲೊಂದು ಸಾಧಾರಣ ಹೊಳಪಿನ ನಕ್ಷತ್ರ ಕಾಣುತ್ತದೆ. ಅದೇ ಧ್ರುವ. ನಮ್ಮ ಈ ಭಾಗದಲ್ಲಿ ಅದರ ಎತ್ತರ ಸುಮಾರು 15 ಡಿಗ್ರಿ. ಕನ್ಯಾಕುಮಾರಿಗೆ ಹೋಗಿ ನೋಡಿದರೆ 8 ಡಿಗ್ರಿಗೆ ಇಳಿದು ಸಮುದ್ರಕ್ಕೆ ತಾಗುವಂತಿರುತ್ತದೆ. ದೆಹಲಿಗೆ ಹೋದರೆ 28 ಡಿಗ್ರಿಗೂ ಮೇಲೇರಿರುತ್ತದೆ. ನಕ್ಷತ್ರ ಅಲ್ಲೇ ಇದೆ. ಗುಂಡಗಿನ ಭೂಮಿಯ ಮೇಲೆ ನಾವು ಸರಿದಿದ್ದೇವೆ, ಅಷ್ಟೇ.

ಹಾಗಾದರೆ ನಕ್ಷತ್ರ ಒಂದು ಡಿಗ್ರಿ ಏರಬೇಕಾದರೆ ನೆಲದ ಮೇಲೆ ಎಷ್ಟು ದೂರ ನಡೆಯಬೇಕು? ಕೇಳಲು ಇದು ಮಕ್ಕಳ ಪ್ರಶ್ನೆ. ಆದರೆ ಇದಕ್ಕೆ ನಮ್ಮ ದಕ್ಷಿಣ ಭಾರತದ ನೆಲದಲ್ಲಿ ಸರಿಯಾದ ಉತ್ತರ ಹುಡುಕಲು ಒಬ್ಬ ಮನುಷ್ಯ ತನ್ನ ಬಾಳಿನ ಕೊನೆಯ 20 ವರ್ಷಗಳಿಗೂ ಹೆಚ್ಚು ಕಾಲವನ್ನು ಡೇರೆಯಲ್ಲಿ ಕಳೆದರು. ಅವರೇ ವಿಲಿಯಂ ಲ್ಯಾಂಬ್ಟನ್. ಶಾಲೆಗೆ ಹೋಗುವ ಮಗುವಿಗೂ ಎವರೆಸ್ಟ್ ಎಂಬ ಹೆಸರು ಗೊತ್ತು. ಆ ಎವರೆಸ್ಟರಿಗೆ ಕೆಲಸ ಕಲಿಸಿದ ಹಿರಿಯರ ಹೆಸರು ದೊಡ್ಡವರಿಗೂ ಗೊತ್ತಿಲ್ಲ.

ಲ್ಯಾಂಬ್ಟನ್ ಹುಟ್ಟಿದ್ದು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದಲ್ಲಿ, ನಾರ್ತಲರ್ಟನ್ ಪಟ್ಟಣದ ಬಳಿಯ ಕ್ರಾಸ್ಬಿ ಗ್ರೇಂಜ್ ಎಂಬಲ್ಲಿ, 1753ರ ಸುಮಾರಿಗೆ. ತಂದೆ ತಾಯಿ ಬಡವರು. ಹುಡುಗನಿಗೆ ಲೆಕ್ಕದಲ್ಲಿ ಬುದ್ಧಿ ಚುರುಕು ಎಂದು ಕಂಡಿದ್ದರಿಂದ ಓದಿಗೆ ದಾರಿಯಾಯಿತು. 1781ರಲ್ಲಿ ಸೈನ್ಯ ಸೇರಿ ಅಮೆರಿಕಕ್ಕೆ ಹೋದರು. ಅಲ್ಲಿ ಯುದ್ಧ ಮುಗಿದ ಮೇಲೆ, ಇಂದಿನ ಕೆನಡಾ ದೇಶಕ್ಕೆ ಸೇರಿದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದಲ್ಲಿ ಸೈನಿಕರ ವಸತಿ ನೋಡಿಕೊಳ್ಳುವ ಚಿಕ್ಕದೊಂದು ನೌಕರಿ. ಹತ್ತು ಹನ್ನೆರಡು ವರ್ಷ ಬಡ್ತಿಯಿಲ್ಲ, ಹೆಸರಿಲ್ಲ. ಆದರೆ ಪುಸ್ತಕಗಳಿದ್ದವು, ಮೇಲೆ ಆಕಾಶವಿತ್ತು. ಗಣಿತವನ್ನೂ ಖಗೋಳವನ್ನೂ ತಾವೇ ಕುಳಿತು ಓದಿ ಕಲಿತರು. ಅಲ್ಲಿದ್ದಾಗ ಸೂರ್ಯಗ್ರಹಣ ನೋಡಲು ಹೋಗಿ ಒಂದು ಕಣ್ಣಿನ ದೃಷ್ಟಿ ಕೆಡಿಸಿಕೊಂಡರೆಂದು ಅವರ ಜೀವನ ಬರೆದವರು ಹೇಳುತ್ತಾರೆ. ಗ್ರಹಣದ ದಿನ ಮಕ್ಕಳು ಬರಿಗಣ್ಣಿನಲ್ಲಿ ಸೂರ್ಯನನ್ನು ನೋಡದಂತೆ ತಡೆಯುವ ತಂದೆ ತಾಯಂದಿರು ಈ ಮಾತನ್ನು ಧಾರಾಳವಾಗಿ ಬಳಸಿಕೊಳ್ಳಬಹುದು. ಮುಂದೆ ಅವರು ಮಾಡಿದ ಅಷ್ಟೂ ವೀಕ್ಷಣೆ ಉಳಿದೊಂದು ಒಳ್ಳೆಯ ಕಣ್ಣಿನಿಂದಲೇ!

1790ರ ದಶಕದ ಕೊನೆಯಲ್ಲಿ ಅವರು 33ನೇ ರೆಜಿಮೆಂಟಿನೊಡನೆ ಭಾರತಕ್ಕೆ ಬಂದಾಗ ವಯಸ್ಸು 40 ದಾಟಿತ್ತು. ಆ ರೆಜಿಮೆಂಟಿನ ನಾಯಕ ಆರ್ಥರ್ ವೆಲ್ಲೆಸ್ಲಿ. ಮುಂದೆ ನೆಪೋಲಿಯನ್ನನನ್ನು ಸೋಲಿಸಿ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಎನಿಸಿಕೊಂಡವರು ಇವರೇ. 1799ರಲ್ಲಿ ಕಂಪನಿಯ ಸೈನ್ಯ ಟಿಪ್ಪು ಸುಲ್ತಾನರ ಶ್ರೀರಂಗಪಟ್ಟಣವನ್ನು ಮುತ್ತಿದಾಗ ಲ್ಯಾಂಬ್ಟನ್ ಕೂಡ ಅಲ್ಲಿದ್ದರು.

ಆ ಏಪ್ರಿಲ್ ತಿಂಗಳ ಒಂದು ಕತ್ತಲ ರಾತ್ರಿ ಜನರಲ್ ಬೇರ್ಡ್ ಒಂದು ತುಕಡಿಯೊಡನೆ ಸುಲ್ತಾನಪೇಟೆಯ ತೋಪನ್ನು ಶೋಧಿಸಲು ಹೋದರು. ತೋಪು ಖಾಲಿಯಾಗಿತ್ತು. ತಿರುಗಿ ತಮ್ಮ ಪಾಳೆಯದ ಕಡೆಗೆ ಹೊರಟಾಗ ಕತ್ತಲಲ್ಲಿ ದಾರಿ ತಪ್ಪಿತು. ಜೊತೆಯಲ್ಲಿದ್ದ ಲ್ಯಾಂಬ್ಟನ್ ತಲೆಯೆತ್ತಿ ನಕ್ಷತ್ರಗಳನ್ನು ನೋಡಿದರು. ಉತ್ತರಕ್ಕೆ ಹೋಗಬೇಕಾದ ತುಕಡಿ ದಕ್ಷಿಣಕ್ಕೆ, ಅಂದರೆ ನೇರವಾಗಿ ಟಿಪ್ಪುವಿನ ಸೈನ್ಯದ ಬಾಯಿಗೆ ನಡೆಯುತ್ತಿತ್ತು. ಜನರಲ್ಲರಿಗೆ ಹೇಳಿದರೆ ಅವರು ಕಿವಿಗೊಡಲಿಲ್ಲ. ದಾರಿ ತಿಳಿಯಲು ತಮಗೆ ನಕ್ಷತ್ರದ ಸಹಾಯ ಬೇಡವೆಂದು ಗದರಿ ಮುಂದೆ ನಡೆದರು. ಸ್ವಲ್ಪ ಹೊತ್ತಿನಲ್ಲಿ ಶತ್ರು ಪಹರೆ ಎದುರಾದಾಗಲೇ ದೀಪ ಹಚ್ಚಿ ದಿಕ್ಸೂಚಿ ತೆಗೆದು ನೋಡಿದ್ದು. ನಕ್ಷತ್ರಗಳು ಹೇಳಿದ್ದನ್ನೇ ದಿಕ್ಸೂಚಿಯೂ ಹೇಳಿತು. ತುಕಡಿ ಹಿಂತಿರುಗಿ ಬದುಕಿತು.

ಒಂದು ತಿಂಗಳೊಳಗೆ, ಮೇ 4ರಂದು, ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದರು. ಮರುವರ್ಷ, 1800ರಲ್ಲಿ, ಹೈದರಾಬಾದಿನ ನಿಜಾಮರು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟರು. ಹೊಸ ಯಜಮಾನರಿಗೆ ಹೊಸ ನೆಲದ ನಕ್ಷೆ ಬೇಕಾಗಿತ್ತು: ಕಂದಾಯ ಎತ್ತಲು, ಸೈನ್ಯ ನಡೆಸಲು. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಲ್ಯಾಂಬ್ಟನ್ನರ ಕೆಲಸಕ್ಕೆ ಹಣ ಬಂದದ್ದು ಗೆದ್ದವರ ಬೊಕ್ಕಸದಿಂದ. ಆದರೆ ಲ್ಯಾಂಬ್ಟನ್ನರ ಮನಸ್ಸಿನಲ್ಲಿ ಇದ್ದದ್ದು ಬರಿಯ ನಕ್ಷೆಯಲ್ಲ, ಇಡೀ ಭೂಮಿಯ ಆಕಾರ.

ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. ನಕ್ಷತ್ರ ನೋಡಿ ಭೂಮಿಯನ್ನು ನಿಖರವಾಗಿ ಅಳೆಯುವ ಕೆಲಸವನ್ನು ಫ್ರಾನ್ಸಿನಲ್ಲಿ 1669-70ರಲ್ಲಿ ಮಾಡಿದವರು ಜಾನ್ ಪಿಕಾರ್ಡ್ ಎಂಬ ಕಥೋಲಿಕ ಗುರುಗಳು. 1687ರಲ್ಲಿ ನ್ಯೂಟನ್ ಭೂಮಿ ಪೂರ್ತಿ ಗುಂಡಗಿಲ್ಲ, ತಿರುಗುವ ವೇಗಕ್ಕೆ ನಡುವಿನಲ್ಲಿ ಉಬ್ಬಿ ಧ್ರುವಗಳ ಬಳಿ ಚಪ್ಪಟೆಯಾಗಿದೆ ಎಂದರು. ಇಲ್ಲ, ಧ್ರುವಗಳ ಕಡೆಗೇ ನೀಳವಾಗಿದೆ ಎಂದು ಫ್ರಾನ್ಸಿನ ಕೆಲವರು ವಾದಿಸಿದರು. ಜಗಳ ತೀರಿಸಲು 1730ರ ದಶಕದಲ್ಲಿ ಫ್ರೆಂಚರ ಒಂದು ತಂಡ ಉತ್ತರದ ಹಿಮದ ಲ್ಯಾಪ್‌ಲ್ಯಾಂಡಿಗೂ ಇನ್ನೊಂದು ತಂಡ ದಕ್ಷಿಣ ಅಮೆರಿಕದ ಸಮಭಾಜಕ ರೇಖೆಗೂ ಹೋಗಿ ಅಳೆದವು. ನ್ಯೂಟನ್ ಗೆದ್ದರು. 1750ರಿಂದ 1752ರವರೆಗೆ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರ ಕಾಲದಲ್ಲಿ, ಅವರ ಒಪ್ಪಿಗೆಯಿಂದಲೇ, ಬೊಸ್ಕೊವಿಚ್ ಮತ್ತು ಮೇರ್ ಎಂಬ ಇಬ್ಬರು ಯೇಸುಸಭೆಯ ಗುರುಗಳು ರೋಮಿನಿಂದ ರಿಮಿನಿವರೆಗೆ ಇಟಲಿಯ ನೆಲವನ್ನು ಅಳೆದರು. ಧರ್ಮಸಭೆಗೂ ಖಗೋಳಕ್ಕೂ ಜಗಳ ಬಿಟ್ಟರೆ ಬೇರೇನೂ ಇರಲಿಲ್ಲ ಎಂದುಕೊಂಡಿರುವವರು ಈ ಇಬ್ಬರನ್ನು ನೆನೆಯಬೇಕು. ಆದರೂ ಭೂಮಿ ಎಷ್ಟು ಚಪ್ಪಟೆ ಎಂಬ ಲೆಕ್ಕ ಕೂಡಿಬರಬೇಕಾದರೆ ಉಷ್ಣವಲಯದಲ್ಲಿ ಇನ್ನೊಂದು ಉದ್ದವಾದ ಅಳತೆ ಬೇಕಿತ್ತು. ಅದಕ್ಕೆ ದಕ್ಷಿಣ ಭಾರತಕ್ಕಿಂತ ಒಳ್ಳೆಯ ನೆಲ ಎಲ್ಲಿದೆ?

ಉಪಕರಣಗಳ ಕಥೆಯೇ ಒಂದು ಕಥೆ. ಇಂಗ್ಲೆಂಡಿನಿಂದ ಚೀನಾ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿದ್ದ ವಸ್ತುಗಳಲ್ಲಿ ಒಂದು ಉಕ್ಕಿನ ಸರಪಳಿಯೂ ನಕ್ಷತ್ರ ಅಳೆಯುವ ಒಂದು ಯಂತ್ರವೂ ಇದ್ದವು. ಚಕ್ರವರ್ತಿಗೆ ಅವು ಬೇಕಾಗಲಿಲ್ಲ. ಹೇಗೋ ಕಲ್ಕತ್ತೆ ಸೇರಿದ್ದ ಅವನ್ನು ಲ್ಯಾಂಬ್ಟನ್ನರಿಗಾಗಿ ಕೊಂಡುಕೊಳ್ಳಲಾಯಿತು. ಕೋನ ಅಳೆಯುವ ಥಿಯೊಡೊಲೈಟ್ ಎಂಬ ದೊಡ್ಡ ಯಂತ್ರ ಅರ್ಧ ಟನ್ನಿನಷ್ಟು ಭಾರದ್ದು. ಅದನ್ನು ತರುತ್ತಿದ್ದ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್ಸಿಗೆ ಒಯ್ದರು. ಆದರೆ ಪೆಟ್ಟಿಗೆಯಲ್ಲಿ ಏನಿದೆಯೆಂದು ತಿಳಿದ ಮೇಲೆ ಅಲ್ಲಿನ ಫ್ರೆಂಚ್ ಗವರ್ನರ್ ಅದನ್ನು ಸೌಜನ್ಯದಿಂದ ಮದರಾಸಿಗೆ ಕಳಿಸಿಕೊಟ್ಟರು. ಎರಡು ದೇಶಗಳು ಕತ್ತು ಹಿಸುಕಿಕೊಳ್ಳುತ್ತಿದ್ದ ಕಾಲದಲ್ಲಿ ನಡೆದದ್ದು ಇದು.

ಮೊದಲ ಪ್ರಯೋಗ 1800ರ ಕೊನೆಯಲ್ಲಿ ಬೆಂಗಳೂರಿನ ಬಳಿ. ಏಳು ಮೈಲಿಗೂ ಹೆಚ್ಚು ಉದ್ದದ ಒಂದು ಗೆರೆಯನ್ನು ಸರಪಳಿ ಹಾಸಿ ಅಳೆದರು. 1802ರ ಏಪ್ರಿಲ್ 10ರಂದು ಮದರಾಸಿನ ಸಂತ ತೋಮಾಸರ ಬೆಟ್ಟದ ಬಳಿಯಿಂದ ಮುಖ್ಯ ಕೆಲಸ ಆರಂಭವಾಯಿತು. ನಮ್ಮವರು ಅನೇಕರು ಯಾತ್ರೆಗೆ ಹೋಗಿ ಬಂದಿರುವ ಅದೇ ಬೆಟ್ಟ. ಅಲ್ಲಿಯೂ ಏಳೂವರೆ ಮೈಲಿ ಉದ್ದದ ಗೆರೆ. ಸರಪಳಿಯ ಉದ್ದ 100 ಅಡಿ. ಬಿಸಿಲಿಗೆ ಉಕ್ಕು ಹಿಗ್ಗುತ್ತದೆಂದು ಅದರ ಮೇಲೆ ನೆರಳು ಹಿಡಿದು, ಪಕ್ಕದಲ್ಲಿ ಉಷ್ಣಮಾಪಕ ಇಟ್ಟು, ಹಿಗ್ಗಿದ್ದನ್ನು ಕಳೆದು ಲೆಕ್ಕ ಬರೆಯುತ್ತ ನೂರಡಿ ನೂರಡಿಯಾಗಿ ವಾರಗಟ್ಟಲೆ ಸರಿದರು.

ಹೀಗೆ ಒಂದು ಗೆರೆ ಸರಿಯಾಗಿ ಸಿಕ್ಕರೆ ಉಳಿದ ನೆಲವನ್ನು ನಡೆದು ಅಳೆಯಬೇಕಿಲ್ಲ. ಹರಪನಹಳ್ಳಿಯ ಬಯಲಿನಲ್ಲಿ ಒಂದು ಗೆರೆ ಅಳೆದಿದ್ದೀರೆಂದು ಇಟ್ಟುಕೊಳ್ಳಿ. ಅದರ ಎರಡೂ ತುದಿಗಳಲ್ಲಿ ನಿಂತು ಉಚ್ಚಂಗಿದುರ್ಗದ ತುದಿ ಯಾವ ಕೋನದಲ್ಲಿ ಕಾಣುತ್ತದೆಂದು ನೋಡಿದರೆ ಸಾಕು, ದುರ್ಗ ಎಷ್ಟು ದೂರವೆಂದು ಹೈಸ್ಕೂಲಿನ ತ್ರಿಕೋನಮಿತಿಯೇ ಹೇಳುತ್ತದೆ. ಆಮೇಲೆ ದುರ್ಗದ ಮೇಲೆ ನಿಂತು ಮುಂದಿನ ಬೆಟ್ಟ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳ ಸರಣಿ. ಮದರಾಸಿನಿಂದ ತ್ರಿಕೋನಗಳನ್ನು ಕಟ್ಟುತ್ತ ಬಂದು ಬೆಂಗಳೂರಿನ ಗೆರೆ ಎಷ್ಟು ಉದ್ದವಿರಬೇಕೆಂದು ಮೊದಲು ಲೆಕ್ಕ ಹಾಕಿ, 1804ರಲ್ಲಿ ಅದನ್ನು ನಿಜವಾಗಿ ಅಳೆದು ನೋಡಿದಾಗ ಏಳು ಮೈಲಿಗೆ ಬಂದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ!

ಪೂರ್ವ ಕರಾವಳಿಯ ಮದರಾಸಿನಿಂದ ಪಶ್ಚಿಮದ ಮಂಗಳೂರಿನವರೆಗೆ ತ್ರಿಕೋನಗಳು ಮುಟ್ಟಿದಾಗ ಇನ್ನೊಂದು ಸಂಗತಿ ಹೊರಬಂತು. ಹಳೆಯ ನಕ್ಷೆಗಳಲ್ಲಿ ಈ ಕರಾವಳಿಯಿಂದ ಆ ಕರಾವಳಿಗೆ 400 ಮೈಲಿ. ನಿಜವಾಗಿ ಇದ್ದದ್ದು 360. ನಕ್ಷೆಯ ಮೇಲಿದ್ದ 40 ಮೈಲಿ ನೆಲ ಇಲ್ಲವೇ ಇಲ್ಲ. ಇಷ್ಟಾದರೂ ಮದರಾಸಿನ ಸರ್ಕಾರದಲ್ಲಿ ಹಣಕಾಸು ನೋಡುತ್ತಿದ್ದ ಒಬ್ಬ ಅಧಿಕಾರಿಗೆ ಇದೆಲ್ಲ ದುಂದುವೆಚ್ಚವಾಗಿ ಕಂಡಿತು. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ತನ್ನ ಪಲ್ಲಕ್ಕಿ ಹೊರುವವರಿಗೆ ಹೇಳಿದರೆ ಸಾಕು, ಅವರೇ ಕರೆದೊಯ್ಯುತ್ತಾರೆ, ಅದಕ್ಕೆ ಲ್ಯಾಂಬ್ಟನ್ನರ ನಕ್ಷೆ ಯಾಕೆ ಎಂದು ಅವರು ವಾದಿಸಿದರಂತೆ. ನಗು ಬರುವ ಮಾತು. ಆದರೆ ಪಲ್ಲಕ್ಕಿ ಹೊರುವವರಿಗೆ ನಿಜಕ್ಕೂ ದಾರಿ ಗೊತ್ತಿತ್ತು ಎಂಬುದನ್ನೂ ಮರೆಯಬಾರದು.

ಈಗ ನಕ್ಷತ್ರದ ವಿಷಯ. ಲ್ಯಾಂಬ್ಟನ್ನರ ಮುಖ್ಯ ಸಾಲು ಕನ್ಯಾಕುಮಾರಿಯ ಬಳಿಯಿಂದ ಹೊರಟು ಉತ್ತರಕ್ಕೆ ಬೆಂಗಳೂರು ದಾಟಿ ಗುತ್ತಿಯ ಕಡೆಗೆ ಹೋಯಿತು. ಗುತ್ತಿ ಎಂದರೆ ಬಳ್ಳಾರಿಯ ಆಚೆಗೆ, ಇಂದಿನ ಆಂಧ್ರದ ಅನಂತಪುರ ಜಿಲ್ಲೆಯಲ್ಲಿ. ಅಲ್ಲಿ 1811ರಲ್ಲಿ ಇನ್ನೊಂದು ಗೆರೆ ಅಳೆದರು. ಗುತ್ತಿಯ ಬಳಿಯ ನಾಮತಾಬಾದ್ ಎಂಬಲ್ಲಿ ನಕ್ಷತ್ರ ನೋಡಿ ಕಂಡುಕೊಂಡ ಅಕ್ಷಾಂಶ ಸುಮಾರು 15 ಡಿಗ್ರಿ 6 ಮಿನಿಟು. ನಮ್ಮ ಹಡಗಲಿ, ಹಗರಿಬೊಮ್ಮನಹಳ್ಳಿಗಳೂ ಹೆಚ್ಚು ಕಡಿಮೆ ಅದೇ ಸಾಲಿನಲ್ಲಿವೆ. ಅಂದರೆ ಅಂದು ಲ್ಯಾಂಬ್ಟನ್ನರ ನೆತ್ತಿಯ ಮೇಲೆ ಹಾದುಹೋದ ನಕ್ಷತ್ರಗಳು ನಮ್ಮ ನೆತ್ತಿಯ ಮೇಲೂ ಹಾದುಹೋಗುವಂಥವು.

ನೆತ್ತಿ ಏಕೆ ಎಂದರೆ, ದಿಗಂತದ ಬಳಿಯ ನಕ್ಷತ್ರದ ಬೆಳಕು ಗಾಳಿಯಲ್ಲಿ ಬಾಗುತ್ತದೆ. ನೀರಲ್ಲಿಟ್ಟ ಕೋಲು ಮುರಿದಂತೆ ಕಾಣುವ ಹಾಗೆ. ನೇರ ಮೇಲಿನ ನಕ್ಷತ್ರಕ್ಕೆ ಆ ತೊಂದರೆ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಧ್ರುವಕ್ಕಿಂತ ನೆತ್ತಿಯ ಹತ್ತಿರದ ನಕ್ಷತ್ರಗಳೇ ಈ ಕೆಲಸಕ್ಕೆ ಯೋಗ್ಯ. ನಮ್ಮ ರೈತರಿಗೆ ರೋಹಿಣಿ ಮಳೆ, ಉತ್ತರೆ ಮಳೆ ಗೊತ್ತು. ಆ ಹೆಸರಿನ ನಕ್ಷತ್ರಗಳೆರಡೂ ನಮ್ಮ ಭಾಗದಲ್ಲಿ ನೆತ್ತಿಗೆ ತೀರ ಹತ್ತಿರ ಹಾಯುತ್ತವೆ. ಕ್ರಿಸ್ತಜಯಂತಿಯ ಹಿಂದಿನ ರಾತ್ರಿ, ನಡುರಾತ್ರಿಯ ಬಲಿಪೂಜೆಗೆ ಮನೆಮಂದಿಯೆಲ್ಲ ಹೊರಡುವ ಹನ್ನೊಂದು ಗಂಟೆಯ ಸುಮಾರಿಗೆ ತಲೆಯನ್ನು ಪೂರ್ತಿ ಹಿಂದಕ್ಕೆ ಬಾಗಿಸಿ ನೋಡಿ. ಕೆಂಪು ಛಾಯೆಯ ರೋಹಿಣಿ ಅಲ್ಲಿರುತ್ತದೆ. ಏಪ್ರಿಲ್ ಕೊನೆಯಲ್ಲಿ ರಾತ್ರಿ ಹತ್ತಕ್ಕೆ ನೋಡಿದರೆ ಅಲ್ಲಿ ಉತ್ತರೆ.

ನಕ್ಷತ್ರವು ನೆತ್ತಿಯಿಂದ ಎಷ್ಟು ಓರೆ ಎಂದು ತಿಳಿಯಲು ಮೊದಲು ನೆತ್ತಿ ಯಾವುದೆಂದು ತಿಳಿಯಬೇಕಲ್ಲ? ಅದಕ್ಕೆ ಗಾರೆ ಮೇಸ್ತ್ರಿ ಗೋಡೆ ನೆಟ್ಟಗಿದೆಯೇ ಎಂದು ನೋಡಲು ಬಳಸುವ ಉಪಾಯವೇ: ದಾರಕ್ಕೆ ಗುಂಡು ಕಟ್ಟಿ ಇಳಿಬಿಡುವುದು. ಆದರೆ ಬೆಂಗಳೂರಿನ ದೊಡ್ಡಗುಂಟದಲ್ಲಿ ಮಾಡಿದ ವೀಕ್ಷಣೆ ಉಳಿದವುಗಳೊಡನೆ ಹೊಂದಲಿಲ್ಲ. ಕೆಲವೇ ಸೆಕೆಂಡುಗಳ ವ್ಯತ್ಯಾಸ, ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಅದರಲ್ಲಿ ಕೆಲವು ಭಾಗ. ಇನ್ನೊಬ್ಬರಾಗಿದ್ದರೆ ಸರಿಹೊಂದಿಸಿ ಬರೆದುಬಿಡುತ್ತಿದ್ದರು. ಅಂಥ ಒಂದು ಸೆಕೆಂಡು ನೆಲದ ಮೇಲೆ ನೂರಡಿಯಾಗುತ್ತದೆಂದು ಬಲ್ಲ ಲ್ಯಾಂಬ್ಟನ್ ಹಾಗೆ ಮಾಡಲಿಲ್ಲ. ನೆಲದೊಳಗೆ ಎಲ್ಲೋ ಒತ್ತಾದ ಭಾರವಾದ ಪದಾರ್ಥವಿದ್ದು ಗುಂಡನ್ನು ಪಕ್ಕಕ್ಕೆ ಸೆಳೆಯುತ್ತಿರಬೇಕೆಂದು ಶಂಕಿಸಿದರು. ಸಂಡೂರಿನ ಅದಿರಿನ ಬೆಟ್ಟಗಳ ಪಕ್ಕದಲ್ಲೇ ಇರುವ ಕೂಡ್ಲಿಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೆಲದಡಿ ಎಲ್ಲ ಕಡೆ ಒಂದೇ ತೂಕ ಇರುವುದಿಲ್ಲ. ಗುಂಡಿನ ಈ ಓರೆಯ ಬೆನ್ನು ಹತ್ತಿಯೇ 1850ರ ದಶಕದಲ್ಲಿ ಕಲ್ಕತ್ತೆಯ ಆಂಗ್ಲಿಕನ್ ಆರ್ಚ್‌ಡೀಕನ್ ಜಾನ್ ಪ್ರಾಟ್ ಹಿಮಾಲಯದ ಬುಡದ ಬಗ್ಗೆ ಲೆಕ್ಕ ಹಾಕಿದರು. ಪರ್ವತಗಳ ಕೆಳಗೆ ಭೂಮಿ ಹೇಗಿದೆ ಎಂಬ ಇಂದಿನ ತಿಳಿವಳಿಕೆ ಬೆಳೆದದ್ದು ಅಲ್ಲಿಂದ.

1808ರಲ್ಲಿ ತಂಜಾವೂರಿನಲ್ಲಿ ಒಂದು ದುರಂತ. ಸುತ್ತ ತೆಂಗಿನ ತೋಟಗಳ ಸಮತಟ್ಟು ನೆಲ, ದೂರ ಕಾಣುವುದಿಲ್ಲ. ದೊಡ್ಡ ದೇವಾಲಯದ ಗೋಪುರದ ಮೇಲೆ ಥಿಯೊಡೊಲೈಟನ್ನು ಹಗ್ಗ ಕಟ್ಟಿ ಎಳೆಸುವಾಗ ಹಗ್ಗ ಹರಿದು ಯಂತ್ರ ಗೋಡೆಗೆ ಬಡಿಯಿತು. ನಿಖರವಾಗಿ ಗೀರು ಕೊರೆದ ಅದರ ದೊಡ್ಡ ವೃತ್ತ ಸೊಟ್ಟಗಾಯಿತು. ಇನ್ನೊಬ್ಬರ ಆರಾಧನೆಯ ಸ್ಥಳದ ಮೇಲೆ ಅರ್ಧ ಟನ್ನಿನ ಪೆಟ್ಟಿಗೆ ಏರಿಸಲು ಹೋದದ್ದು ಅಧಿಕಾರದ ಬಲದಿಂದಲೇ. ನಮ್ಮ ದೇವಾಲಯದ ಗಂಟೆಗೋಪುರಕ್ಕೆ ಯಾರಾದರೂ ಹೀಗೆ ಮಾಡಿದ್ದರೆ ನಮಗೇನೆನಿಸುತ್ತಿತ್ತು? ಯಂತ್ರ ಕೆಟ್ಟದ್ದಕ್ಕೆ ಲ್ಯಾಂಬ್ಟನ್ ಮಾತ್ರ ಯಾರ ಮೇಲೂ ಹರಿಹಾಯಲಿಲ್ಲ. ಡೇರೆಯೊಳಗೆ ಸೇರಿಕೊಂಡರು. ಮುಖ್ಯ ಕಮ್ಮಾರರಿಬ್ಬರು ಮೂವರ ಹೊರತು ಯಾರಿಗೂ ಒಳಗೆ ಪ್ರವೇಶವಿರಲಿಲ್ಲ. ದೊಡ್ಡ ಹಲಗೆಯ ಮೇಲೆ ಮೂಲ ಅಳತೆಯ ವೃತ್ತ ಬರೆದು, ಬೆಣೆ, ತಿರುಪು, ರಾಟೆಗಳಿಂದ ಸೊಟ್ಟ ವೃತ್ತವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಎಳೆದು ಆರು ವಾರಗಳಲ್ಲಿ ಮತ್ತೆ ಗುಂಡಗೆ ಮಾಡಿದರು. ಆ ಯಂತ್ರ ಅದಾದ ಮೇಲೂ ಬಹುಕಾಲ ದುಡಿಯಿತು.

ಅವರ ತಂಡವೂ ಒಂದು ದೊಡ್ಡ ಸಂಸಾರದ ಹಾಗೆಯೇ ಇತ್ತು. ಸಹಾಯಕರಲ್ಲಿ ಮುಖ್ಯರಾದ ಜೋಷುವಾ ಡಿ ಪೆನ್ನಿಂಗ್‌ರಂಥವರು ಮದರಾಸಿನ ಅನಾಥಾಲಯದ ಹುಡುಗರಿಗೆಂದು ನಡೆಸುತ್ತಿದ್ದ ಸರ್ವೆ ಶಾಲೆಯಲ್ಲಿ ಕಲಿತವರು. ಕಂಪನಿಯ ಸೈನ್ಯದಲ್ಲಿ ಮೇಲೇರಲು ಅವಕಾಶವಿಲ್ಲದ ಆ ಆಂಗ್ಲೋ-ಇಂಡಿಯನ್ ಹುಡುಗರು ಲ್ಯಾಂಬ್ಟನ್ನರ ಡೇರೆಯಲ್ಲಿ ನುರಿತ ಗಣಿತಜ್ಞರಾದರು. ಇವರ ಜೊತೆಗೆ ಯಂತ್ರ ಹೊತ್ತವರು, ಬೆಟ್ಟದ ತುದಿಯಲ್ಲಿ ನಿಶಾನೆ ಹಿಡಿದು ದಿನಗಟ್ಟಲೆ ನಿಂತವರು, ರಾತ್ರಿ ದೀಪ ಉರಿಸಿದವರು, ಗಿಡ ಕಡಿದು ನೋಟಕ್ಕೆ ದಾರಿ ಬಿಡಿಸಿದವರು ನೂರಾರು ಮಂದಿ. ಹಳ್ಳಿಯವರಿಗೆ ಇವರನ್ನು ಕಂಡರೆ ಅನುಮಾನ. ದೂರದ ಮನೆಯ ಹೆಂಗಸರನ್ನು ಕಾಣುವ, ಅದೂ ತಲೆಕೆಳಗಾಗಿ ತೋರಿಸುವ ಮಾಯದ ಕೊಳವೆ ಎಂದು ದುರ್ಬೀನಿನ ಬಗ್ಗೆ ಸುದ್ದಿ ಹಬ್ಬಿತ್ತು. ಕಾಡಿನ ಜ್ವರಕ್ಕೆ ತಂಡದವರು ಹಲವರು ಬಲಿಯಾದರು. ಅವರ ಹೆಸರು ಯಾವ ನಕ್ಷೆಯ ಮೂಲೆಯಲ್ಲಿಯೂ ಇಲ್ಲ.

1815ರ ಹೊತ್ತಿಗೆ ತ್ರಿಕೋನಗಳ ಸಾಲು ಬೀದರಿನ ಕಡೆ ಮುಟ್ಟಿತು. ಕನ್ಯಾಕುಮಾರಿಯ ಬಳಿಯಿಂದ ಅಲ್ಲಿಗೆ ಸುಮಾರು 10 ಡಿಗ್ರಿ, ಆವರೆಗೆ ಉಷ್ಣವಲಯದಲ್ಲಿ ಯಾರೂ ಅಳೆಯದಷ್ಟು ಉದ್ದ. ಕೃಷ್ಣಾ ನದಿಯ ದಕ್ಷಿಣಕ್ಕಿರುವ ಬಹುಪಾಲು ನೆಲ ಆ ಬಲೆಯೊಳಗೆ ಬಂತು; ಒಟ್ಟು 1 ಲಕ್ಷ 65 ಸಾವಿರ ಚದರ ಮೈಲಿ. ಭೂಮಿಯ ಚಪ್ಪಟೆತನಕ್ಕೆ ಲ್ಯಾಂಬ್ಟನ್ ಕೊಟ್ಟ ಲೆಕ್ಕ, ಮುನ್ನೂರರಲ್ಲಿ ಒಂದು ಭಾಗದ ಆಸುಪಾಸು, ಇಂದು ಉಪಗ್ರಹಗಳು ಕೊಡುವ ಲೆಕ್ಕಕ್ಕೆ ತೀರ ದೂರವಿಲ್ಲ. ಭೂಮಿಯ ನಡುವಿನ ತ್ರಿಜ್ಯ ಧ್ರುವದ ತ್ರಿಜ್ಯಕ್ಕಿಂತ 21 ಕಿಲೋಮೀಟರು ಹೆಚ್ಚೆಂದು ಈಗ ನಮಗೆ ತಿಳಿದಿದೆ. ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಅವರನ್ನು ಗೌರವಿಸಿತು. 1817ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಸದಸ್ಯತ್ವ ಕೊಟ್ಟಿತು. ಆಗ ಅವರಿಗೆ 60 ದಾಟಿ ಬಹುಕಾಲವಾಗಿತ್ತು.

1818ರಲ್ಲಿ ಜಾರ್ಜ್ ಎವರೆಸ್ಟ್ ಸಹಾಯಕರಾಗಿ ಬಂದರು. ಅವರು ಕಂಡದ್ದು ದಣಿದ, ಮಾತು ಕಡಿಮೆಯಾದ ಮುದುಕರನ್ನು. ಆದರೆ ಥಿಯೊಡೊಲೈಟಿನ ಮುಂದೆ ಬಂದು ಅದರ ತಿರುಪಿಗೆ ಕೈಹಾಕಿದ ಕೂಡಲೇ ಆ ದೇಹಕ್ಕೆ ಹರೆಯ ಮರಳಿದಂತಾಗುತ್ತಿತ್ತೆಂದು ಎವರೆಸ್ಟ್ ಬರೆದಿಟ್ಟಿದ್ದಾರೆ. ಉಳಿದ ಸಾಲನ್ನು ಉತ್ತರಕ್ಕೆ ಒಯ್ಯಲು ಲ್ಯಾಂಬ್ಟನ್ ಹೈದರಾಬಾದು ಬಿಟ್ಟು ನಾಗಪುರದ ಕಡೆಗೆ ಹೊರಟರು. ಕೆಮ್ಮು ಹೆಚ್ಚಿತ್ತು. ದಾರಿಯಲ್ಲಿ ಹಿಂಗನಘಾಟ್ ಎಂಬಲ್ಲಿ 1823ರ ಜನವರಿ 20ರಂದು ತೀರಿಕೊಂಡರು. ಆ ಊರು ಇಂದು ಮಹಾರಾಷ್ಟ್ರದ ವರ್ಧಾ ಜಿಲ್ಲೆಯಲ್ಲಿದೆ. ಸಮಾಧಿಯೂ ಅಲ್ಲೇ ಇದೆ, ಹುಡುಕಿಕೊಂಡು ಹೋಗುವವರು ಕಡಿಮೆ.

ಎವರೆಸ್ಟ್ ಆ ಸಾಲನ್ನು ಹಿಮಾಲಯದ ಬುಡದವರೆಗೆ ಒಯ್ದರು. 1852ರಲ್ಲಿ ಬಂಗಾಳದ ರಾಧಾನಾಥ ಸಿಕ್ದಾರರು ಜಗತ್ತಿನ ಅತಿ ಎತ್ತರದ ಶಿಖರವನ್ನು ಲೆಕ್ಕದಲ್ಲಿ ಕಂಡುಹಿಡಿದರು, 1856ರಲ್ಲಿ ಅದಕ್ಕೆ ಎವರೆಸ್ಟರ ಹೆಸರಿಡಬೇಕೆಂದು ಸೂಚಿಸಲಾಯಿತು. ಲ್ಯಾಂಬ್ಟನ್ನರಿಗೆ ಬೆಟ್ಟವಿಲ್ಲ. ಸಂತ ತೋಮಾಸರ ಬೆಟ್ಟದ ಮೇಲೆ ಅವರದೊಂದು ಎದೆಮಟ್ಟದ ಪ್ರತಿಮೆ ಇದೆ. ಮುಂದಿನ ಸಲ ಯಾತ್ರೆಗೆ ಹೋದವರು ಮಕ್ಕಳಿಗೆ ಅದನ್ನೂ ತೋರಿಸಬಹುದು.